ತೊಗಲಿನಲ್ಲಿ ಬೆಳಗಿದ ಬಾಪೂ

ಬಿಗಿದು ಕಟ್ಟಿದ ಬಿಳಿಯ ಪರದೆ. ಅದರ ಹಿಂದೆ ಉರಿಯುವ ದೀಪ. ಪರದೆಯ ಅಂಚಿನಿಂದ ಕೋಲೂರಿಕೊಂಡು ಆಕೃತಿಯೊಂದು ನಡೆದುಬರುತ್ತದೆ: ಬರಿಯ ಮೈ, ತುಂಡು ಪಂಚೆ, ಕಣ್ಣಿಗೆ ದುಂಡು ಕನ್ನಡಕ. ಯಾರೆಂದು ಹೇಳಬೇಕಾಗಿಯೇ ಇಲ್ಲ. ಶಾಲೆಯ ಮೊದಲ ತರಗತಿಯ ಮಗುವಿಗೂ ಗುರುತು ಸಿಗುತ್ತದೆ. ಊರೂರಿನ ವೃತ್ತಗಳಲ್ಲಿ ಕಲ್ಲಾಗಿ, ಕಂಚಾಗಿ ನಿಂತಿರುವ ಮಹಾತ್ಮ ಇಲ್ಲಿ ತೊಗಲಾಗಿದ್ದಾರೆ. ಚರ್ಮವನ್ನು ಹದಗೊಳಿಸಿ, ಕತ್ತರಿಸಿ, ರಂಧ್ರ ಕೊರೆದು, ಬಣ್ಣ ತುಂಬಿ, ಅಂಗಾಂಗಗಳನ್ನು ದಾರದಿಂದ ಜೋಡಿಸಿ ಬೆಳಕಿನ ಮುಂದೆ ಹಿಡಿದ ಚಲಿಸುವ ಸ್ಮಾರಕವಿದು. ಬಳ್ಳಾರಿಯ ನಾಡೋಜ ಬೆಳಗಲ್ಲು ವೀರಣ್ಣನವರು ನಾಡಿಗೆ ಕೊಟ್ಟುಹೋದ ಅಪೂರ್ವ ಕಾಣಿಕೆ.

ಬಳ್ಳಾರಿ ಸೀಮೆಯ ಬೆಳಗಲ್ಲು ಗ್ರಾಮದಲ್ಲಿ ಹುಟ್ಟಿದ ವೀರಣ್ಣ ಮೊದಲು ರಂಗನಟರು, ಗಾಯಕರು. ಪೌರಾಣಿಕ ನಾಟಕಗಳ ಕಂದಪದ್ಯ, ಮಟ್ಟು, ಮಾತಿನ ಓಘ ಎಲ್ಲವೂ ಕಂಠದಲ್ಲಿ ನೆಲೆಸಿದ್ದವು. ಆ ಸಂಪತ್ತನ್ನೆಲ್ಲ ಹೊತ್ತು ಅವರು ಪರದೆಯ ಹಿಂದಕ್ಕೆ ಸರಿದರು. ನಟನಾದವನು ತನ್ನ ಮುಖವನ್ನೇ ಮರೆಮಾಚಿ, ಕಂಠ ಮತ್ತು ಬೆರಳುಗಳನ್ನಷ್ಟೇ ಕಲೆಗೆ ಅರ್ಪಿಸುವುದು ಸಣ್ಣ ತ್ಯಾಗವಲ್ಲ. ಶ್ರೀ ರಾಮಾಂಜನೇಯ ತೊಗಲುಗೊಂಬೆ ಮೇಳವನ್ನು ಕಟ್ಟಿ ರಾಮಾಯಣವನ್ನು ಆಡಿಸಿದ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ‘ಸ್ವಾತಂತ್ರ್ಯ ಸಂಗ್ರಾಮ’ ಮತ್ತು ‘ಬಾಪೂ’ ಪ್ರಯೋಗಗಳ ಮೂಲಕ, ದೇವಾನುದೇವತೆಗಳಿಗೆ ಮೀಸಲಾಗಿದ್ದ ಪರದೆಯ ಮೇಲೆ ಇತಿಹಾಸಪುರುಷರನ್ನು ಕರೆತಂದರು. ಕರ್ನಾಟಕದ ತೊಗಲುಗೊಂಬೆಯಾಟದ ಆಧುನಿಕ ಚರಿತ್ರೆಯಲ್ಲಿ ಇದಕ್ಕಿಂತ ದಿಟ್ಟ ಹೆಜ್ಜೆ ಇನ್ನೊಂದಿಲ್ಲ.

ಆ ದಿಟ್ಟತನದ ಅಳತೆ ತಿಳಿಯಬೇಕಾದರೆ ಗೊಂಬೆ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೇಕೆಯ ಹಸಿ ಚರ್ಮವನ್ನು ನೀರಿನಲ್ಲಿ ನೆನೆಸಿ, ಕೂದಲು ಮತ್ತು ಕೊಬ್ಬನ್ನು ಹೆರೆದು ತೆಗೆಯುತ್ತಾರೆ. ಅದನ್ನು ಎಲ್ಲ ದಿಕ್ಕಿಗೂ ಎಳೆದು ಕಟ್ಟಿ ಒಣಗಿಸಿದಾಗ ತೊಗಲು ಬಿಗಿದುಕೊಂಡು ಬೆಳಕನ್ನು ಒಳಬಿಟ್ಟುಕೊಳ್ಳುವಷ್ಟು ತೆಳುವಾಗುತ್ತದೆ. ಮೇಲೆ ರೇಖೆಯಲ್ಲಿ ಚಿತ್ರ ಮೂಡುತ್ತದೆ. ಅನಂತರ ತೊಗಲನ್ನು ಮರದ ದಿಮ್ಮಿಯ ಮೇಲಿಟ್ಟು, ಸಣ್ಣ ಉಳಿಗಳಿಂದ ಒಂದೊಂದೇ ರಂಧ್ರ ಹೊಡೆಯುತ್ತಾರೆ. ಒಂದು ಉಳಿ ಚುಕ್ಕಿಗೆ, ಒಂದು ಅರ್ಧಚಂದ್ರಕ್ಕೆ, ಇನ್ನೊಂದು ಎಸಳಿಗೆ. ಒಂದು ಪೆಟ್ಟು ಹೆಚ್ಚು ಬಿದ್ದರೆ ಎರಡು ರಂಧ್ರ ಒಂದಾಗಿ ಹಾರದ ಮಣಿಸಾಲೇ ಹರಿದುಹೋಗುತ್ತದೆ. ಕೆಂಪು, ಹಸಿರು, ಕಪ್ಪು ಬಣ್ಣಗಳನ್ನು ಎರಡೂ ಮಗ್ಗುಲಿಗೆ ಬಳಿಯುತ್ತಾರೆ. ತಲೆ, ತೋಳು, ಮುಂಗೈ, ಕಾಲುಗಳನ್ನು ಪ್ರತ್ಯೇಕವಾಗಿ ಕತ್ತರಿಸಿ ದಾರದ ಗಂಟಿನಿಂದ ಕೂಡಿಸಿ, ಬೆನ್ನಿಗೆ ಸೀಳಿದ ಬಿದಿರಿನ ಕಡ್ಡಿ ಕಟ್ಟಿದರೆ ಗೊಂಬೆ ಸಿದ್ಧ. ಬಗೆಬಗೆಯ ತುಣುಕು ಕೂಡಿ ಒಂದೇ ಮೂರ್ತಿಯಾಗುವ ಈ ಕ್ರಮ ಹರಳು ಜೋಡಿಸಿ ಚಿತ್ರ ಕಟ್ಟುವ ಕುಸುರಿ ಕೆಲಸಕ್ಕೆ ಸಮನಾದದ್ದು.

ಇಲ್ಲೊಂದು ಸೂಕ್ಷ್ಮವಿದೆ. ತೊಗಲುಗೊಂಬೆಯ ಸೌಂದರ್ಯವೆಲ್ಲ ಆಭರಣದಲ್ಲಿದೆ. ರಾಮನ ಕಿರೀಟ, ರಾವಣನ ಭುಜಕೀರ್ತಿ, ಸೀತೆಯ ಕಂಠಹಾರ, ಸೆರಗಿನ ಅಂಚು, ಎಲ್ಲಿ ಒಡವೆಯಿದೆಯೋ ಅಲ್ಲಿ ರಂಧ್ರಗಳ ಸಾಲು. ಎಲ್ಲಿ ರಂಧ್ರವಿದೆಯೋ ಅಲ್ಲಿ ಬೆಳಕು. ಪರದೆಯ ಮೇಲೆ ವಜ್ರವೈಡೂರ್ಯದಂತೆ ಮಿನುಗುವುದು ವಾಸ್ತವದಲ್ಲಿ ಉಳಿಯ ಪೆಟ್ಟು. ಆದರೆ ಗಾಂಧೀಜಿ? 1921ರ ಸೆಪ್ಟೆಂಬರ್‌ನಲ್ಲಿ ಮಧುರೈಯಲ್ಲಿ ಅಂಗಿ, ಟೋಪಿಗಳನ್ನೂ ತ್ಯಜಿಸಿ ತುಂಡು ಬಟ್ಟೆಗೆ ಇಳಿದ ಮಹಾನುಭಾವರು. ಕಿರೀಟವಿಲ್ಲ, ಕುಂಡಲವಿಲ್ಲ, ಹಾರವಿಲ್ಲ. ಬೆಳಕು ನುಗ್ಗಿಬರಲು ದಾರಿ ಕೊಡುವ ಒಡವೆಯೇ ಇಲ್ಲದ ದೇಹ. ಕನ್ನಡಕದ ವೃತ್ತ, ಪಂಚೆಯ ನೆರಿಗೆ, ಕೈಯ ಕೋಲು, ಇಷ್ಟೇ ಬಂಡವಾಳ. ಉಳಿದದ್ದನ್ನೆಲ್ಲ ನಿಲುವು, ನಡಿಗೆ ಮತ್ತು ಸೂತ್ರಧಾರನ ಧ್ವನಿಯೇ ತುಂಬಬೇಕು. ಆಡಂಬರಕ್ಕಾಗಿ ರೂಪುಗೊಂಡ ಕಲೆಯನ್ನು ನಿರಾಡಂಬರದ ಮೂರ್ತಿಗೆ ಒಗ್ಗಿಸುವುದು ಎಂಥ ಸಾಹಸವೆಂಬುದನ್ನು ಉಳಿ ಹಿಡಿದವರೇ ಬಲ್ಲರು.

ಇನ್ನೊಂದು ಕಟ್ಟಳೆಯೂ ಅಡ್ಡ ನಿಲ್ಲುವಂಥದ್ದು. ಕರ್ನಾಟಕದ ಗೊಂಬೆಗಳಲ್ಲಿ ಗಾತ್ರವೇ ಅಂತಸ್ತಿನ ಗುರುತು. ದೇವರು, ಅರಸರ ಗೊಂಬೆ ದೊಡ್ಡದು. ಸೇವಕರ, ಸಾಮಾನ್ಯರ ಗೊಂಬೆ ಚಿಕ್ಕದು. ಬಡವನ ವೇಷದಲ್ಲೇ ದೇಶವನ್ನು ಮುನ್ನಡೆಸಿದ ವ್ಯಕ್ತಿ ರಾಮಾಯಣದ ಪರದೆಯ ಮೇಲೆ ನಾಯಕಸ್ಥಾನದಲ್ಲಿ ನಿಲ್ಲುವಾಗ, ಶತಮಾನಗಳ ಆ ಕ್ರಮವೇ ಹೊಸ ಅರ್ಥ ಪಡೆಯುತ್ತದೆ.

ಶತಮಾನಗಳೆಂದದ್ದು ಅತಿಶಯೋಕ್ತಿಯಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ‘ರೂಪೋಪಜೀವನ’ ಎಂಬ ವೃತ್ತಿಯನ್ನು ವಿವರಿಸುತ್ತ, 17ನೇ ಶತಮಾನದ ವ್ಯಾಖ್ಯಾನಕಾರ ನೀಲಕಂಠ, ದಾಕ್ಷಿಣಾತ್ಯರು ತೆಳು ಬಟ್ಟೆಯನ್ನು ಅಡ್ಡ ಕಟ್ಟಿ ಚರ್ಮದ ಆಕೃತಿಗಳಿಂದ ರಾಜರ, ಅಮಾತ್ಯರ ನಡೆವಳಿಕೆಯನ್ನು ತೋರಿಸುತ್ತಾರೆಂದು ಬರೆದಿದ್ದಾನೆ. ಕನ್ನಡ ನಾಡಿನಲ್ಲಿ ಈ ಪರಂಪರೆಯ ಹಕ್ಕುದಾರರು ಶಿಳ್ಳೇಕ್ಯಾತರು, ಕೆಲವೆಡೆ ಕಿಳ್ಳೇಕ್ಯಾತರು. ಮನೆಯೊಳಗೆ ಮರಾಠಿಯ ಒಳನುಡಿ, ಪರದೆಯ ಹಿಂದೆ ಅಚ್ಚ ಕನ್ನಡ. ಗೊಂಬೆಯ ಪೆಟ್ಟಿಗೆ ಹೊತ್ತು ಊರಿಂದೂರಿಗೆ ಸಾಗುತ್ತಿದ್ದ ಈ ಅಲೆಮಾರಿ ಕುಟುಂಬಗಳು ಗಣಪತಿ, ಸರಸ್ವತಿಯರ ಸ್ತುತಿಯೊಂದಿಗೆ ಆಟ ಆರಂಭಿಸಿ ಬೆಳಗಿನ ಜಾವದವರೆಗೆ ಕಥೆ ನಡೆಸುತ್ತಿದ್ದವು. ನಡುನಡುವೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಗೊಂಬೆಗಳ ಹಾಸ್ಯ. ಮಳೆ ಬಾರದಿದ್ದರೆ, ದನಕರುಗಳಿಗೆ ರೋಗ ಬಂದರೆ ಊರವರೇ ಮೇಳವನ್ನು ಕರೆಸಿ ಆಡಿಸುತ್ತಿದ್ದರು. ಗೊಂಬೆಯಾಟ ಅವರಿಗೆ ಮನರಂಜನೆಯೂ ಹೌದು, ಹರಕೆಯೂ ಹೌದು.

ಈ ವೈಭವ ಹಾಗೆಯೇ ಉಳಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಹಿಂದೆ ಗೊಂಬೆಗಳಿಗೆ ಒದಗುತ್ತಿದ್ದ ಜಿಂಕೆಯ ಚರ್ಮದ ಬಳಕೆಗೆ ತೆರೆ ಬಿತ್ತು; ಅದು ಆಗಬೇಕಾದದ್ದೇ. ಹರಳೆಣ್ಣೆಯ ದೀಪದ ಜಾಗಕ್ಕೆ ವಿದ್ಯುದ್ದೀಪ ಬಂತು. ಜ್ವಾಲೆಯ ಕಂಪನದಿಂದ ನೆರಳಿಗೆ ತಾನಾಗಿಯೇ ದಕ್ಕುತ್ತಿದ್ದ ಉಸಿರು ಬಲ್ಬಿನಿಂದ ದಕ್ಕುವುದಿಲ್ಲ. ಸಿನಿಮಾ, ದೂರದರ್ಶನಗಳು ಬಂದ ಮೇಲೆ ರಾತ್ರಿಯಿಡೀ ಕೂರುವ ಪ್ರೇಕ್ಷಕರೂ ಕರಗಿದರು. ಅನೇಕ ಮನೆತನಗಳ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿದವು. ಚಿತ್ರಕಲಾ ಪರಿಷತ್ತಿನ ಸ್ಥಾಪಕರಾದ ಎಂ. ಎಸ್. ನಂಜುಂಡರಾಯರು ಹಳ್ಳಿಹಳ್ಳಿ ಸುತ್ತಿ ಸಾವಿರಾರು ತೊಗಲುಗೊಂಬೆಗಳನ್ನು ಸಂಗ್ರಹಿಸಿ, ಅಧ್ಯಯನ ಮಾಡಿ, ಗ್ರಂಥವಾಗಿಸದೆ ಹೋಗಿದ್ದರೆ ಈ ಕಲೆಯ ಬಹುಭಾಗ ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಹಾಗೆಂದು ದೀಪ ಆರಿಲ್ಲ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 96ರ ಇಳಿವಯಸ್ಸಿನಲ್ಲಿ, 2025ರಲ್ಲಿ ಪದ್ಮಶ್ರೀ ಸಂದಿತು. ಹತ್ತಾರು ದೇಶಗಳ ಪ್ರೇಕ್ಷಕರಿಗೆ ರಾಮಾಯಣ, ಮಹಾಭಾರತ ತೋರಿಸಿ ಬಂದ ಆ ಹಿರಿಯ ಜೀವಕ್ಕೆ ಸಂದ ಗೌರವ ಇಡೀ ಸಮುದಾಯಕ್ಕೆ ಸಂದದ್ದು. ನೆರೆಯ ಆಂಧ್ರದ ನಿಮ್ಮಲಕುಂಟೆಯಲ್ಲಿ ಕಲಾವಿದರು ಅದೇ ತೊಗಲಿನಿಂದ ದೀಪದ ಹೊದಿಕೆ, ಗೋಡೆಯ ಚಿತ್ರಗಳನ್ನೂ ಮಾಡಿ ಬದುಕು ಕಟ್ಟಿಕೊಂಡಿದ್ದಾರೆ. ಅಲ್ಲಿನ ದಳವಾಯಿ ಚಲಪತಿರಾವ್ ಅವರಿಗೂ 2020ರಲ್ಲಿ ಪದ್ಮಶ್ರೀ ಬಂದಿತ್ತು. ಮಾರುಕಟ್ಟೆ ಉಳಿಗೆ ಕೆಲಸ ಕೊಡುತ್ತದೆ ನಿಜ. ಆದರೆ ದೀಪದ ಹೊದಿಕೆಯ ಮೇಲಿನ ಹನುಮಂತ ಹಾರುವುದಿಲ್ಲ, ಮಾತಾಡುವುದಿಲ್ಲ. ಮಾತು, ಹಾಡು, ಮದ್ದಳೆ ಸೇರಿದಾಗಲೇ ತೊಗಲುಗೊಂಬೆಗೆ ಪೂರ್ಣತ್ವ.

ವೀರಣ್ಣನವರ ಕಂಠ ಈಗ ಕೇಳಸಿಗದು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತ ಅವರನ್ನು ನಮ್ಮಿಂದ ಕಸಿದುಕೊಂಡಿತು. ಆದರೆ ಅವರು ಹಾಕಿಕೊಟ್ಟ ದಾರಿ ತೆರೆದೇ ಇದೆ: ತೊಗಲುಗೊಂಬೆಯ ಪರದೆಗೆ ಯಾವ ಕಾಲದ ಮಹಾಪುರುಷರೂ ಹೊರಗಿನವರಲ್ಲ. ಬೆಂಗಳೂರಿಗೆ ಬಂದಾಗ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಗೊಂಬೆಗಳನ್ನೂ, ರಾಮನಗರದ ಜಾನಪದ ಲೋಕವನ್ನೂ ಮಕ್ಕಳಿಗೆ ತೋರಿಸಿ. ಊರ ಜಾತ್ರೆಗೋ ಶಾಲೆಯ ವಾರ್ಷಿಕೋತ್ಸವಕ್ಕೋ ಕಾರ್ಯಕ್ರಮ ಗೊತ್ತುಮಾಡುವಾಗ ಒಂದು ತೊಗಲುಗೊಂಬೆ ಮೇಳಕ್ಕೆ ವೀಳ್ಯ ಕೊಡಿ.