ನಮ್ಮ ನೋಟಕ್ಕೆ ಯಜಮಾನರು ಯಾರು?

ಉಣ್ಣುವ ಅನ್ನವನ್ನೂ ಉಡುವ ಬಟ್ಟೆಯನ್ನೂ ಪರರು ಗೊತ್ತುಮಾಡುವುದಾದರೆ ಅದನ್ನು ನಾವು ದಾಸ್ಯವೆನ್ನುತ್ತೇವೆ. ಆದರೆ ನಾವು ದಿನವೂ ಏನನ್ನು ನೋಡಬೇಕು, ಯಾವುದನ್ನು ಮೊದಲು ಓದಬೇಕು, ಯಾವುದು ನಮ್ಮ ಕಣ್ಣಿಗೇ ಬೀಳಬಾರದು ಎಂಬುದನ್ನು ಕಡಲಾಚೆಯ ಕೆಲವು ಕಂಪೆನಿಗಳು ಗೊತ್ತುಮಾಡುತ್ತಿರುವುದನ್ನು ಸೌಕರ್ಯವೆಂದು ಭಾವಿಸಿ ಸುಮ್ಮನಿದ್ದೇವೆ. ಸಾಮಾಜಿಕ ಜಾಲತಾಣಗಳ ಫೀಡ್ ಎಂಬ ಸಾಲಿನ ಮೇಲೆ ತಮಗೂ ಹತೋಟಿ ಬೇಕು, ಅದರಲ್ಲಿ ವೈವಿಧ್ಯ ಬೇಕು ಎಂಬ ಕೋರಿಕೆ ಇಂದು ಲೋಕದ ನಾನಾ ಕಡೆಗಳಿಂದ ಕೇಳಿಬರುತ್ತಿದೆ. ಈ ಕೋರಿಕೆಯು ನಮ್ಮ ಮಲೆನಾಡಿನವರಿಗೆ ಸಂಬಂಧಪಡದ ದೂರದ ಮಾತೆಂದು ವಾಚಕರು ತಿಳಿಯಬಾರದು.

ಮೊದಮೊದಲು ಈ ಸಾಲಿನ ಕ್ರಮ ಸರಳವಾಗಿದ್ದಿತು. ಪರಿಚಿತರು ಬರೆದುದು ಬರೆದ ಕಾಲಕ್ಕನುಸಾರವಾಗಿ ಒಂದರ ಕೆಳಗೊಂದು ಬರುತ್ತಿದ್ದಿತು. ಫೇಸ್‌ಬುಕ್ ತನ್ನ ಸುದ್ದಿಸಾಲನ್ನು 2006ರಲ್ಲಿ ಆರಂಭಿಸಿ, ಕ್ರಮೇಣ ಅದರ ಜೋಡಣೆಯನ್ನು ಅಲ್ಗಾರಿದಂ ಎಂಬ ಲೆಕ್ಕದ ಸೂತ್ರಕ್ಕೆ ವಹಿಸಿತು. ಟ್ವಿಟರ್, ಇನ್‌ಸ್ಟಾಗ್ರಾಂಗಳು 2016ರಲ್ಲಿ ಅದೇ ದಾರಿಯನ್ನು ಹಿಡಿದವು. ಈ ಸೂತ್ರವು ನಾವು ಯಾವ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆವು, ಯಾವುದಕ್ಕೆ ಸಿಟ್ಟುಗೊಂಡು ಉತ್ತರ ಬರೆದೆವು ಎಂಬುದನ್ನೆಲ್ಲ ಕೂಡಿಸಿ, ನಮ್ಮನ್ನು ಇನ್ನಷ್ಟು ಹೊತ್ತು ಹಿಡಿದಿಡುವುದು ಯಾವುದೋ ಅದನ್ನು ಮುಂದಿಡುತ್ತದೆ. ನಾವು ಕುಳಿತಷ್ಟು ಹೊತ್ತೂ ಜಾಹೀರಾತು ಮಾರಾಟವಾಗುವುದು. ನಮಗೆ ಉಪಯುಕ್ತವಾದುದು ಮೇಲೆ ಬಂದರೆ ಅದು ಸೂತ್ರದ ಉದ್ದೇಶಕ್ಕೆ ಅದು ಹೊಂದಿಕೊಂಡುದರಿಂದಲೇ ಹೊರತು ನಮ್ಮ ಹಿತವನ್ನು ಬಗೆದುದರಿಂದಲ್ಲ.

ಇದರಿಂದ ಒದಗುವ ಹಾನಿಯನ್ನು ತಿಳಿಯಲು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ತೋಟಗಳನ್ನು ನೋಡಿದರೆ ಸಾಕು. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿ ಅರಳುತ್ತದೆ. ಪಕ್ಕದ ಹೋಬಳಿಗೆ ನಿನ್ನೆ ಎಷ್ಟು ಇಂಚು ಎಷ್ಟು ಸೆಂಟು ಮಳೆಯಾಯಿತೆಂಬುದನ್ನು ತಿಳಿದೇ ರೋಬಸ್ಟಾ ಬೆಳೆಗಾರನು ತುಂತುರು ನೀರನ್ನು ಹಾಯಿಸಬೇಕೇ, ಕಾಯಬೇಕೇ ಎಂದು ನಿಶ್ಚಯಿಸಬೇಕು. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಅಕಾಲದ ಮಳೆಯ ಸುದ್ದಿ ಒಂದು ದಿನ ತಡವಾಗಿ ಬಂದರೆ ವರ್ಷದ ದುಡಿಮೆಯೇ ಕೆಡುತ್ತದೆ. ಇದಕ್ಕಿಂತ ಗುರುತರವಾದುದು ಕಾಡಾನೆಗಳ ವಿಷಯ. 2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಹುಲ್ಲೇಮನೆ ಕುಂದೂರಿನಲ್ಲಿ ಮಹಿಳೆಯೊಬ್ಬರು ಆನೆಯ ದಾಳಿಯಿಂದ ಮೃತರಾದುದನ್ನು ಜಿಲ್ಲೆ ಮರೆತಿಲ್ಲ. ಆನೆಗಳು ಇಂತಹ ತೋಟದಲ್ಲಿವೆ ಎಂಬ ಎಚ್ಚರಿಕೆಯು ಬೆಳಗ್ಗೆ ಆರು ಗಂಟೆಗೆ ಕೆಲಸಕ್ಕೆ ಹೊರಟ ಕೂಲಿಯ ಕಣ್ಣಿಗೆ ಆಗಲೇ ಬೀಳಬೇಕು. ಸೂತ್ರವು ಅದನ್ನು ಹಾಡು ಕುಣಿತಗಳ ಕೆಳಗೆ ತಳ್ಳಿ ಸಂಜೆಗೆ ತೋರಿಸಿದರೆ ಫಲವೇನು? 2019ರ ಆಗಸ್ಟಿನಲ್ಲಿ ಮಲೆಮನೆ ಮಧುಗುಂಡಿಗಳ ಬಳಿ ಗುಡ್ಡ ಕುಸಿದು, ಚಾರ್ಮಾಡಿ ಘಾಟಿಯ ಸಂಚಾರ ನಿಂತಿದ್ದಿತು. ಅಂತಹ ದಿನಗಳಲ್ಲಿ ಸುದ್ದಿಗೆ ತಾರೀಖೇ ಪ್ರಾಣ. ಕಾಲಕ್ರಮವನ್ನು ಕೆಡಿಸಿದ ಸಾಲಿನಲ್ಲಿ ಮೊನ್ನೆಯದು ಇಂದಿನದಾಗಿ ತೋರುತ್ತದೆ, ಇಂದಿನದು ಮರೆಯಾಗುತ್ತದೆ.

ಆಯ್ಕೆಯ ಸ್ವಾತಂತ್ರ್ಯವಿಲ್ಲದ ವ್ಯವಸ್ಥೆ ಎಂತಹುದೆಂಬುದನ್ನು ನಮ್ಮ ಬೆಳೆಗಾರರು ಅನುಭವದಿಂದ ಬಲ್ಲರು. 1942ರ ಕಾಫಿ ಕಾಯಿದೆಯಂತೆ ಮನೆಬಳಕೆಗೂ ಬಿತ್ತನೆಗೂ ಇಟ್ಟುಕೊಂಡುದನ್ನುಳಿದು ಬೆಳೆಯನ್ನೆಲ್ಲ ಮಂಡಲಿಯ ಪೂಲಿಗೆ ಒಪ್ಪಿಸಬೇಕಾಗಿದ್ದಿತು. ಯಾರಿಗೆ ಮಾರಬೇಕು, ಯಾವಾಗ ಮಾರಬೇಕು ಎಂಬುದು ಬೆಳೆದವನ ಕೈಯಲ್ಲಿರಲಿಲ್ಲ. ಹಣವೂ ಕಂತುಕಂತಾಗಿ ಬರುತ್ತಿದ್ದಿತು. 1992ರಿಂದ ಈ ಕಟ್ಟು ಹಂತಹಂತವಾಗಿ ಸಡಿಲಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮಾರಾಟದ ಹಕ್ಕು ದೊರೆಯಿತು. ಪೂಲು ಯುದ್ಧಕಾಲದ ಕುಸಿದ ಪೇಟೆಯಲ್ಲಿ ಬೆಳೆಗಾರನನ್ನು ಕಾಪಾಡಿತೆಂಬುದನ್ನೂ, ಸ್ವಾತಂತ್ರ್ಯ ದೊರೆತ ಕೆಲವೇ ವರ್ಷಗಳಲ್ಲಿ ಬೆಲೆ ಬಿದ್ದು ಅವನು ನರಳಿದನೆಂಬುದನ್ನೂ ನಾವು ಮರೆಮಾಚುವುದಿಲ್ಲ. ಆದರೆ ಒಂದು ಭೇದವನ್ನು ಗಮನಿಸಬೇಕು. ಆ ಮಂಡಲಿ ಬೆಂಗಳೂರಿನಲ್ಲಿದ್ದಿತು, ಅದರಲ್ಲಿ ಬೆಳೆಗಾರರ ಪ್ರತಿನಿಧಿಗಳು ಕುಳಿತಿದ್ದರು, ಅದನ್ನು ಕುರಿತು ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಬಹುದಾಗಿದ್ದಿತು. ಇಂದು ನಮ್ಮ ನೋಟವನ್ನೆಲ್ಲ ಪೂಲಿಗೆ ಸೇರಿಸಿಕೊಂಡಿರುವ ಕಂಪೆನಿಗಳ ಸೂತ್ರದ ವಿಷಯದಲ್ಲಿ ನಮಗೆ ಪ್ರತಿನಿಧಿಯೂ ಇಲ್ಲ, ಲೆಕ್ಕ ಕೇಳುವ ಸಭೆಯೂ ಇಲ್ಲ.

ಪತ್ರಿಕೆಗಳೂ ಸುದ್ದಿಯನ್ನು ಆಯ್ದೇ ಕೊಡುತ್ತವೆಯಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದು. ಆದರೆ ಪತ್ರಿಕೆಯ ಒಂದೇ ಪುಟವನ್ನು ಅಮಲ್ದಾರರೂ ಅಂಗಡಿಯವರೂ ಓದುತ್ತಾರೆ. ನಾವು ಏನನ್ನು ಮುಂದಿಟ್ಟೆವು, ಏನನ್ನು ಬಿಟ್ಟೆವು ಎಂಬುದು ಊರಿಗೆಲ್ಲ ಕಾಣುತ್ತದೆ. ಮುದ್ರಕ ಪ್ರಕಾಶಕರ ಹೆಸರು 1867ರ ಕಾಯಿದೆಯ ಕಾಲದಿಂದಲೂ ಪತ್ರಿಕೆಯ ಮೇಲೆ ಅಚ್ಚಾಗುತ್ತ ಬಂದಿದೆ. ಮೆಚ್ಚದವರು ಬೇರೊಂದು ಪತ್ರಿಕೆಯನ್ನು ತರಿಸಬಹುದು. ಫೀಡಿನ ಪುಟವಾದರೋ ಒಬ್ಬೊಬ್ಬರಿಗೆ ಒಂದೊಂದು. ಗಂಡನಿಗೆ ತೋರಿದುದು ಹೆಂಡತಿಗೆ ತೋರದು. ಎಲ್ಲರಿಗೂ ಕಾಣದ ಪಕ್ಷಪಾತವನ್ನು ಖಂಡಿಸುವವರಾದರೂ ಯಾರು?

ಇನ್ನು ವೈವಿಧ್ಯದ ಮಾತು. ಹಾಲುವಾಣ, ಅತ್ತಿ, ಬಸರಿ, ಹಲಸುಗಳ ಮಿಶ್ರ ನೆರಳಿನಲ್ಲಿ ನಮ್ಮ ಹಿರಿಯರು ಕಾಫಿಯನ್ನು ಬೆಳೆಸಿದರು. ಬೇಗ ಬೆಳೆದು ಹಣ ತರುವುದೆಂದು ಸಿಲ್ವರ್ ಓಕನ್ನೇ ಸಾಲಾಗಿ ನೆಟ್ಟು, ಹಳೆಯ ಮರಗಳನ್ನು ಕಡಿದ ತೋಟಗಳೂ ಇವೆ. ನೆರಳು ತೆಳುವಾದಲ್ಲಿ ಅರೇಬಿಕಾ ಗಿಡಕ್ಕೆ ಬಿಳಿಕಾಂಡ ಕೊರಕದ ಬಾಧೆ ಹೆಚ್ಚುವುದೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಒಮ್ಮೆ ನೋಡಿದುದನ್ನೇ ನೂರು ಸಲ ತಂದೊಡ್ಡುವ ಫೀಡು ಬುದ್ಧಿಗೆ ಇಂತಹುದೇ ಒಂಟಿ ನೆರಳು. ಒಂದು ಪಕ್ಷದ ಭಾಷಣವನ್ನು ಕೇಳಿದವನಿಗೆ ಆ ಪಕ್ಷದ್ದೇ ಬರುತ್ತದೆ. ಬೆಲೆಯೇರಿಕೆಯ ಒಂದು ಭವಿಷ್ಯವನ್ನು ನೋಡಿದವನಿಗೆ ಏರಿಕೆಯ ಭವಿಷ್ಯಗಳೇ ಬರುತ್ತವೆ. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆಯು 2024ರ ಡಿಸೆಂಬರಿನಲ್ಲಿ 1977ರ ದಾಖಲೆಯನ್ನು ಮುರಿದು, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರನ್ನು ದಾಟಿದಂತಹ ಕಾಲದಲ್ಲಿ ಮಾರಬೇಕೇ ಇಡಬೇಕೇ ಎಂಬುದಕ್ಕೆ ಎರಡು ಪಕ್ಷದ ವಾದವೂ ಕಿವಿಗೆ ಬೀಳುವುದು ಅತ್ಯಾವಶ್ಯಕ.

ಪರಿಹಾರ ಅಸಾಧ್ಯವೆಂದು ಕಂಪೆನಿಗಳು ಹೇಳುವಂತಿಲ್ಲ. ಇಂತಹ ಸೂತ್ರವನ್ನು ನಿಲ್ಲಿಸುವ ಅವಕಾಶವನ್ನು ಬಳಕೆದಾರನಿಗೆ ಕೊಡಬೇಕೆಂದು ಚೀನಾ ದೇಶವು 2022ರಲ್ಲಿ ನಿಯಮ ಮಾಡಿತು. ವ್ಯಕ್ತಿಯ ನಡೆನುಡಿಗಳ ಲೆಕ್ಕವನ್ನು ಆಧರಿಸದ ಒಂದಾದರೂ ಕ್ರಮವನ್ನು ಅತಿದೊಡ್ಡ ಜಾಲತಾಣಗಳು ಒದಗಿಸಬೇಕೆಂಬ ಐರೋಪ್ಯ ಒಕ್ಕೂಟದ ಕಟ್ಟಳೆ 2023ರ ಆಗಸ್ಟಿನಿಂದ ಅವುಗಳಿಗೆ ಅನ್ವಯವಾಯಿತು. ಇನ್‌ಸ್ಟಾಗ್ರಾಂ ಕಾಲಾನುಕ್ರಮದ ಸಾಲನ್ನು 2022ರಲ್ಲಿ ಮರಳಿ ತಂದಿತು. ಆದರೆ ಅದನ್ನೇ ಕಾಯಂ ಮಾಡಿಕೊಳ್ಳುವ ಅವಕಾಶವನ್ನು ಆಗ ಕೊಡಲಿಲ್ಲ. ಅದೇ ವರ್ಷ ಮೋಜಿಲ್ಲಾ ಸಂಸ್ಥೆಯವರು 22,000ಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಯೂಟ್ಯೂಬಿನ ಗುಂಡಿಗಳನ್ನು ಪರೀಕ್ಷಿಸಿದರು. ಬೇಡವಾದ ಶಿಫಾರಸುಗಳನ್ನು ತಡೆಯುವುದರಲ್ಲಿ ಎಲ್ಲಕ್ಕಿಂತ ಸಮರ್ಥವಾದ ಗುಂಡಿಯೂ ಶೇಕಡಾ 43ಕ್ಕಿಂತ ಮುಂದೆ ಹೋಗಲಿಲ್ಲವೆಂದು ಕಂಡುಬಂದಿತು. ಬೇಡವೆಂದರೂ ಬಾಗಿಲಿಗೆ ಬರುವವನನ್ನು ನಮ್ಮ ಊರಿನಲ್ಲಿ ಏನೆಂದು ಕರೆಯುವರೋ ವಾಚಕರೇ ಬಲ್ಲರು.

ನಮ್ಮ ಬೇಡಿಕೆ ಅತಿಯಾದುದಲ್ಲ. ಕಾಫಿಪುಡಿಯ ಪೊಟ್ಟಣದ ಮೇಲೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಅಚ್ಚುಹಾಕಬೇಕೆಂದೂ, ಕಾಫಿ 51ಕ್ಕೆ ಕಡಿಮೆಯಾಗಬಾರದೆಂದೂ ಕಾನೂನಿದೆ. ಚಿಕೋರಿಯನ್ನು ಯಾರೂ ನಿಷೇಧಿಸಿಲ್ಲ. ಬೇಕಾದವನು ಬೇಕಾದಷ್ಟು ಬೆರೆಸಿಕೊಳ್ಳುತ್ತಾನೆ. ಹಾಗೆಯೇ ಫೀಡಿನಲ್ಲಿ ನಾವು ಬಯಸಿದವರದು ಎಷ್ಟು, ಕಂಪೆನಿ ತಾನಾಗಿ ತುರುಕಿದುದೆಷ್ಟು, ಜಾಹೀರಾತೆಷ್ಟು ಎಂಬುದನ್ನು ಅದು ತಿಳಿಸಲಿ. ಬೆರಕೆಯ ಪ್ರಮಾಣವನ್ನು ಗೊತ್ತುಮಾಡುವ ಕೀಲಿಯನ್ನು ನಮ್ಮ ಕೈಗೆ ಕೊಡಲಿ. ಕಾಲಾನುಕ್ರಮವನ್ನು ಒಮ್ಮೆ ಆರಿಸಿಕೊಂಡರೆ ಅದು ನಾವಾಗಿ ಬದಲಿಸುವವರೆಗೆ ನಿಲ್ಲಲಿ. ಇಷ್ಟನ್ನು ಕಡ್ಡಾಯಗೊಳಿಸುವ ಶಾಸನವನ್ನು ಭಾರತ ಸರ್ಕಾರ ತರಬೇಕು. ಸೂತ್ರದ ಆಯ್ಕೆಯೇ ಹಿತವೆನ್ನುವವರಿಗೆ ಅದು ಇರಲಿ. ಬೇಡವೆನ್ನುವವರಿಗೆ ಬೇಡವೆನ್ನುವ ಹಕ್ಕಿರಲಿ.

ಶಾಸನ ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಯೂಟ್ಯೂಬಿನಲ್ಲಿ ತಾವೇ ಚಂದಾದಾರರಾದವರ ಪುಟವನ್ನು ಮೊದಲು ತೆರೆಯುವ ಅಭ್ಯಾಸವನ್ನು ವಾಚಕರು ಮಾಡಿಕೊಳ್ಳಬಹುದು. ತಮ್ಮ ಮತಕ್ಕೆ ವಿರುದ್ಧವಾದುದನ್ನೂ ಆಗಾಗ ಹುಡುಕಿ ಓದಬಹುದು. ಅಧಿಕಾರಿಗಳಲ್ಲಿ ನಮ್ಮ ವಿಶೇಷ ಪ್ರಾರ್ಥನೆಯೊಂದಿದೆ. ಆನೆಗಳ ಸಂಚಾರ, ಘಾಟಿಯ ಬಂದ್, ಭದ್ರೆಯ ನೆರೆ ಇವುಗಳ ಪ್ರಕಟಣೆಯನ್ನು ಜಾಲತಾಣದ ಪುಟವೊಂದಕ್ಕೆ ಹಾಕಿ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಅದು ಜನರಿಗೆ ತಲುಪುವುದೋ ಇಲ್ಲವೋ ಎಂಬುದು ತಮ್ಮ ಕೈಯಲ್ಲಿಲ್ಲವೆಂದರಿತು, ನೇರ ಸಂದೇಶದಿಂದಲೂ ಧ್ವನಿವರ್ಧಕದಿಂದಲೂ ಪಂಚಾಯಿತಿಯ ಹಲಗೆಯಿಂದಲೂ ತಿಳಿಸಬೇಕು. 1947ರಲ್ಲಿ ನಾವು ಪಡೆದ ಸ್ವರಾಜ್ಯವು ನೆಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ತನ್ನ ದಿನದ ಗಮನವನ್ನು ಯಾವುದಕ್ಕೆ ಕೊಡಬೇಕೆಂದು ಪ್ರಜೆಯು ತಾನೇ ನಿಶ್ಚಯಿಸುವುದೂ ಅದರ ಅಂಗವೇ ಆಗಿದೆ. ಅದನ್ನು ಕೇಳಿ ಪಡೆಯುವ ಭಾರ ನಮ್ಮ ಮೇಲೆಯೇ ಇದೆ.