ಶಾಲೆಯ ಮೆಟ್ಟಿಲು ಹತ್ತದ ಶಿಕ್ಷಣ ಸಚಿವ

ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್ ಶಾಲೆಯಲ್ಲಿ ಕುಳಿತು ಕಲಿತವರಲ್ಲ. 1888ರ ನವೆಂಬರ್ 11ರಂದು ಮೆಕ್ಕಾದಲ್ಲಿ ಹುಟ್ಟಿದ ಅವರಿಗೆ ಕಲ್ಕತ್ತೆಯ ಮನೆಯೇ ಪಾಠಶಾಲೆಯಾಯಿತು. ಹೊಸ ಕಾಲದ ಶಿಕ್ಷಣದಲ್ಲಿ ತಂದೆಗೆ ನಂಬಿಕೆ ಇರಲಿಲ್ಲ. ಮೊದಲು ತಾವೇ ಪಾಠ ಹೇಳಿ, ಆಮೇಲೆ ವಿದ್ವಾಂಸರನ್ನು ಮನೆಗೇ ಕರೆಸಿದರು. ಇಂಗ್ಲಿಷನ್ನು ಆಜಾದ್ ಸ್ವಂತ ಶ್ರಮದಿಂದ ಕಲಿತರು. ಅಕ್ಷರ ಪರಿಚಯವಾದ ಮೇಲೆ ಬೈಬಲ್ಲಿನ ಇಂಗ್ಲಿಷ್, ಪಾರ್ಸಿ, ಉರ್ದು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ನಿಘಂಟಿನ ನೆರವಿನಿಂದ ಹೋಲಿಸುತ್ತ ಓದಿದರು. ಮಧ್ಯಂತರ ಸರ್ಕಾರದಲ್ಲಿ 1947ರ ಜನವರಿಯಲ್ಲಿ ಕೈಗೆ ಬಂದ ಶಿಕ್ಷಣ ಖಾತೆ, 1958ರ ಫೆಬ್ರುವರಿ 22ರಂದು ತೀರಿಕೊಳ್ಳುವವರೆಗೂ ಅವರಲ್ಲೇ ಉಳಿಯಿತು.

ಖಾತೆ ದೊಡ್ಡದು, ಅಧಿಕಾರ ಸಣ್ಣದು. 1951ರ ಜನಗಣತಿಯ ಪ್ರಕಾರ ಅಕ್ಷರಸ್ಥರು ಶೇ 18ರಷ್ಟು ಮಾತ್ರ. ಆದರೆ ಸಂವಿಧಾನ ಶಿಕ್ಷಣವನ್ನು ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿತ್ತು. ಶಾಲೆ ತೆರೆಯುವುದು, ಮೇಷ್ಟ್ರನ್ನು ನೇಮಿಸುವುದು ರಾಜ್ಯಗಳ ಕೆಲಸ. ದೆಹಲಿಯ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಆಯೋಗ, ಅನುದಾನ ಮತ್ತು ರಾಷ್ಟ್ರಮಟ್ಟದ ಸಂಸ್ಥೆಗಳು. ಆಜಾದ್ ಅವರ ಸಾಧನೆಯೂ ಮಿತಿಯೂ ಈ ಹಂಚಿಕೆಯೊಳಗೇ ರೂಪುಗೊಂಡವು.

1948ರಲ್ಲಿ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ರಚನೆಯಾಯಿತು. ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ್ದ ಎಸ್. ರಾಧಾಕೃಷ್ಣನ್ ಅದರ ಅಧ್ಯಕ್ಷರು. ಆ ಆಯೋಗದ ಶಿಫಾರಸಿನಂತೆ ಬಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗವನ್ನು 1953ರ ಡಿಸೆಂಬರ್‌ನಲ್ಲಿ ಆಜಾದ್ ಉದ್ಘಾಟಿಸಿದರು. 1956ರ ಕಾಯ್ದೆ ಅದಕ್ಕೆ ಶಾಸನದ ಬಲ ಕೊಟ್ಟಿತು. ಪ್ರೌಢಶಾಲೆಗಳ ಬಗ್ಗೆ ವರದಿ ನೀಡಲು 1952ರಲ್ಲಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಆಯೋಗ ನೇಮಕವಾಯಿತು. ಎಲ್ಲ ಮಕ್ಕಳನ್ನೂ ಒಂದೇ ಪರೀಕ್ಷೆಯತ್ತ ದೂಡದೆ, ಕೃಷಿ, ವಾಣಿಜ್ಯ, ತಾಂತ್ರಿಕ ವಿಷಯಗಳನ್ನೂ ಕಲಿಸುವ ವಿವಿಧೋದ್ದೇಶ ಶಾಲೆಗಳು ಬೇಕೆಂದು ಅದು ಹೇಳಿತು. ಆ ಪ್ರಯೋಗ ಹೆಚ್ಚು ಕಾಲ ನಿಲ್ಲಲಿಲ್ಲ. ಕೆಲವು ಹಳೆಯ ಶಾಲೆಗಳ ಹೆಸರಿನಲ್ಲಿ ‘ಮಲ್ಟಿಪರ್ಪಸ್’ ಎಂಬ ಪದ ಮಾತ್ರ ಉಳಿದುಕೊಂಡಿದೆ.

ಗಟ್ಟಿಯಾಗಿ ಬೇರೂರಿದ್ದು ತಾಂತ್ರಿಕ ಶಿಕ್ಷಣ. ಉನ್ನತ ತಾಂತ್ರಿಕ ಸಂಸ್ಥೆಗಳ ಯೋಜನೆ ಬ್ರಿಟಿಷರ ಕೊನೆಗಾಲದ ಸರ್ಕಾರ್ ಸಮಿತಿಯದು. ಅದನ್ನು ನೆಲಕ್ಕಿಳಿಸಿದ್ದು ಸ್ವತಂತ್ರ ಸರ್ಕಾರ. ಮೊದಲ ಸಂಸ್ಥೆಗೆ ಸಿಕ್ಕ ಜಾಗ ಖರಗಪುರದ ಬಳಿಯ ಹಿಜ್ಲಿ ಬಂದೀಖಾನೆ. 1931ರಲ್ಲಿ ಪೊಲೀಸರು ಅಲ್ಲಿ ಗುಂಡು ಹಾರಿಸಿ, ನಿರಾಯುಧರಾಗಿದ್ದ ಇಬ್ಬರು ರಾಜಕೀಯ ಕೈದಿಗಳನ್ನು ಕೊಂದಿದ್ದರು. ಅದೇ ಕಟ್ಟಡದಲ್ಲಿ 224 ವಿದ್ಯಾರ್ಥಿಗಳು, 42 ಅಧ್ಯಾಪಕರೊಂದಿಗೆ ಮೊದಲ ಐಐಟಿ ಕೆಲಸ ಆರಂಭಿಸಿತು. 1951ರ ಆಗಸ್ಟ್ 18ರಂದು ಅದನ್ನು ಉದ್ಘಾಟಿಸಿದ ಆಜಾದ್ ಕೂಡ ಬ್ರಿಟಿಷರ ಸೆರೆಯಿಂದ ಬಿಡುಗಡೆಯಾಗಿ ಆಗಿನ್ನೂ ಆರೇ ವರ್ಷ. ಮೊದಲ ನಿರ್ದೇಶಕ ಜೆ.ಸಿ. ಘೋಷ್ ಅವರು ಅಲ್ಲಿಗೆ ಬರುವ ಮುನ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಮುನ್ನಡೆಸಿದ್ದವರು.

ಕಲೆ, ಸಾಹಿತ್ಯಗಳೂ ಶಿಕ್ಷಣ ಖಾತೆಯ ಹೊಣೆ ಎಂಬುದು ಆಜಾದ್ ಅವರ ನಿಲುವು. ಉರ್ದುವಿನ ಮಹಾನ್ ಗದ್ಯಕಾರರೊಬ್ಬರು ಸಚಿವರಾದಾಗ ಇದು ಸಹಜವೇ. 1950ರಲ್ಲಿ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು, 1953ರಲ್ಲಿ ಸಂಗೀತ ನಾಟಕ ಅಕಾಡೆಮಿ, ಮರುವರ್ಷ ಸಾಹಿತ್ಯ ಮತ್ತು ಲಲಿತಕಲಾ ಅಕಾಡೆಮಿಗಳು ಆರಂಭವಾದವು. ಸರ್ಕಾರದ ಅನುದಾನದಿಂದ ನಡೆದರೂ ದಿನನಿತ್ಯದ ಕೆಲಸದಲ್ಲಿ ಸ್ವಾಯತ್ತೆ ಇರಬೇಕೆಂಬ ಆಶಯ ಇವುಗಳ ರಚನೆಯಲ್ಲೇ ಇತ್ತು.

ಬುನಾದಿಯ ಕೆಲಸ ಮಾತ್ರ ಹಿಂದೆ ಬಿತ್ತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಸಂವಿಧಾನದ 45ನೇ ವಿಧಿ ಹತ್ತು ವರ್ಷಗಳ ಗಡುವು ಹಾಕಿತ್ತು. ಕೇಂದ್ರ ತನ್ನ ವರಮಾನದ ಶೇ 10ನ್ನು, ಪ್ರಾಂತಗಳು ಶೇ 20ನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಬಿ.ಜಿ. ಖೇರ್ ಸಮಿತಿ ಸೂಚಿಸಿತ್ತು. ಅಷ್ಟು ದುಡ್ಡು ಹೊರಡಲಿಲ್ಲ. ಗಡುವು ಮೀರಿದ ಮೇಲೆ ನಡೆದ 1961ರ ಜನಗಣತಿಯಲ್ಲೂ ಅಕ್ಷರಸ್ಥರು ಶೇ 28ರ ಆಸುಪಾಸು. ಸಾಧನೆಯ ಪಟ್ಟಿ ಬರೆಯುವವರು ಸಾಮಾನ್ಯವಾಗಿ ಈ ಅಂಕಿಯನ್ನು ಬಿಟ್ಟುಬಿಡುತ್ತಾರೆ. ಶಿಕ್ಷಣ, ಕೇಂದ್ರಕ್ಕೂ ಅಧಿಕಾರವಿರುವ ಸಮವರ್ತಿ ಪಟ್ಟಿಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ. ಅದು ಮೂಲಭೂತ ಹಕ್ಕಾಗಲು 2002ರವರೆಗೆ, ಆ ಹಕ್ಕು ಜಾರಿಯಾಗಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು.