ಚಕ್ಕುಬಂದಿಯಲ್ಲಿ ಸಿಕ್ಕ ಬೀಗರ ಮೂಲ

ಪ್ರತಿ ಮಾರ್ಚ್ 17ಕ್ಕೆ ನಮ್ಮ ಬೀಗಿತ್ತಿ ಹಸಿರು ಅಂಗಿ ತೊಟ್ಟು, ಕೊರಳಪಟ್ಟಿಗೆ ಮೂರೆಲೆಯ ಪಿನ್ನು ಚುಚ್ಚಿಕೊಂಡು ಓಡಾಡುತ್ತಾರೆ. ಅವತ್ತು ಸೇಂಟ್ ಪ್ಯಾಟ್ರಿಕ್ ಹಬ್ಬ. ಅಮೆರಿಕದಲ್ಲಿರುವ ಐರಿಷ್ ಮೂಲದವರಿಗೆಲ್ಲ ಸಡಗರ. ಪಿಟ್ಸ್‌ಬರ್ಗ್‌ನ ಮಗಳ ಮನೆಗೆ ಮೊದಲ ಸಲ ಹೋದಾಗ ಮಾತಿಗೆ ಮಾತು ಬಂದು, ನಿಮ್ಮ ಯಜಮಾನರ ಮನೆತನ ಐರ್ಲೆಂಡ್ ಬಿಟ್ಟಿದ್ದು ಯಾವಾಗ ಅಂತ ಕೇಳಿದೆ. "ಆಲೂಗಡ್ಡೆ ಬರಗಾಲದಲ್ಲಿ" ಅಂದರು. ಅವರ ಅತ್ತೆ ಹಾಗೆ ಹೇಳುತ್ತಿದ್ದರಂತೆ.

ಮುಂದಿನ ಭಾನುವಾರ ಅವರ ಚರ್ಚಿನ ಹಿಂದಿನ ಸ್ಮಶಾನಕ್ಕೆ ಕರೆದೊಯ್ದರು. ಮನೆತನದ ಅತಿ ಹಳೆಯ ಕಲ್ಲು ಒಂದು ಮೂಲೆಯಲ್ಲಿ ವಾಲಿಕೊಂಡಿತ್ತು. ಪಾಚಿ ಕಟ್ಟಿದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದೆ: ತೀರಿಕೊಂಡಿದ್ದು 1838, ವಯಸ್ಸು 83. ಐರ್ಲೆಂಡಿನ ಆಲೂಗಡ್ಡೆ ಬರಗಾಲ ಶುರುವಾಗಿದ್ದು 1845ರಲ್ಲಿ. ಬರ ಬೀಳುವ ಏಳು ವರ್ಷ ಮೊದಲೇ ಈ ಅಜ್ಜ ಅಮೆರಿಕದ ಮಣ್ಣು ಸೇರಿದ್ದ. ಸಾಲದ್ದಕ್ಕೆ, ಬರಗಾಲಕ್ಕೆ ಓಡಿಬಂದವರು ಬಹುಪಾಲು ಕ್ಯಾಥೊಲಿಕ್ಕರು. ಈ ಸ್ಮಶಾನ ಪ್ರೊಟೆಸ್ಟೆಂಟ್ ಪಂಗಡವಾದ ಪ್ರೆಸ್ಬಿಟೇರಿಯನ್ನರದು.

ನಾನು ಧಾರವಾಡ ಜಿಲ್ಲೆಯಲ್ಲಿ ತಲಾಟಿಯಾಗಿ ಸೇರಿ, ಶಿರಸ್ತೇದಾರನಾಗಿ ನಿವೃತ್ತನಾದವನು. ಮೂವತ್ತನಾಲ್ಕು ವರ್ಷ ಉತಾರ, ಪಹಣಿ, ವಾರಸಾ ಅರ್ಜಿಗಳ ನಡುವೆ ಕೂತವನಿಗೆ ತಾರೀಖು ತಾಳೆಯಾಗದಿದ್ದರೆ ನಿದ್ದೆ ಹತ್ತುವುದಿಲ್ಲ. "ಇವರು ನೀವಂದುಕೊಂಡ ಐರಿಷ್ ಅಲ್ಲ ಅನಿಸುತ್ತೆ" ಅಂದೆ. ಬೀಗಿತ್ತಿ ನಕ್ಕು, "ಹಾಗಾದರೆ ಯಾರು ಅಂತ ನೀವೇ ಹುಡುಕಿಕೊಡಿ" ಅಂದರು. ಹೊರಗೆ ಹಿಮ, ಕೈಯಲ್ಲಿ ಬೇರೆ ಕೆಲಸವಿಲ್ಲ. ಒಪ್ಪಿಕೊಂಡೆ. ಮನೆತನದ ಹೆಸರು ಇಲ್ಲಿ ಬೇಡ. ಮ್ಯಾಕ್ ಎಂದು ಶುರುವಾಗುತ್ತದೆ, ಅಷ್ಟು ಸಾಕು.

ಬರಕ್ಕೆ ಮೊದಲೇ ಐರ್ಲೆಂಡಿನಿಂದ ಬಂದ ಇಂಥ ಪ್ರೆಸ್ಬಿಟೇರಿಯನ್ನರನ್ನು ಅಮೆರಿಕದಲ್ಲಿ ಸ್ಕಾಚ್-ಐರಿಷ್ ಅನ್ನುತ್ತಾರೆ. ಸ್ಕಾಟ್ಲೆಂಡಿನವರ ಎದುರು ಹಾಗಂದರೆ, ಸ್ಕಾಚ್ ಇರುವುದು ಬಾಟಲಿಯಲ್ಲಿ, ಮನುಷ್ಯರು ಸ್ಕಾಟರು ಎಂದು ತಿದ್ದುತ್ತಾರೆ. ಅದಕ್ಕೇ ಸ್ಕಾಟ್ಸ್-ಐರಿಷ್ ಅನ್ನುವವರೂ ಇದ್ದಾರೆ. ಐರ್ಲೆಂಡಿನಲ್ಲೇ ಉಳಿದ ಇವರ ದಾಯಾದಿಗಳಿಗೆ ಎರಡೂ ಬೇಡ. ಅವರು ಅಲ್ಸ್ಟರ್ ಸ್ಕಾಟರು. ಬರಗಾಲಕ್ಕೆ ಮೊದಲು ಅಮೆರಿಕದಲ್ಲಿ ಇವರಲ್ಲಿ ಅನೇಕರು ತಮ್ಮನ್ನು ಸುಮ್ಮನೆ ಐರಿಷ್ ಎಂದೇ ಕರೆದುಕೊಳ್ಳುತ್ತಿದ್ದರು. ಬಡ ಕ್ಯಾಥೊಲಿಕ್ಕರು ಹಡಗು ತುಂಬಿ ಬಂದ ಮೇಲೆ, ನಾವು ಅವರಲ್ಲ ಎಂದು ತೋರಿಸಿಕೊಳ್ಳಲು ‘ಸ್ಕಾಚ್’ ಮುಂದೆ ಅಂಟಿಕೊಂಡು ಬಲವಾಯಿತು. ಕುಲದ ಹೆಸರಿನಲ್ಲಿ ಮೇಲುಕೀಳಿನ ಲೆಕ್ಕ ಅಡಗಿರುವುದು ನಮಗೇನು ಹೊಸದಲ್ಲ. 2000ದ ಜನಗಣತಿಯಲ್ಲಿ ಸುಮಾರು 43 ಲಕ್ಷ ಅಮೆರಿಕನ್ನರು ತಮ್ಮ ಮೂಲ ಸ್ಕಾಚ್-ಐರಿಷ್ ಎಂದು ಬರೆಸಿದ್ದರು. ನಮ್ಮ ಬೀಗಿತ್ತಿಯಂತೆ ಬರೀ ‘ಐರಿಷ್’ ಎಂದು ಬರೆಸಿದವರು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಮೂಲ ಕತೆ 1600ರ ಆಸುಪಾಸಿನದು. ಐರ್ಲೆಂಡಿನ ಉತ್ತರ ಭಾಗ ಅಲ್ಸ್ಟರ್. ಅಲ್ಲಿನ ಗೇಲಿಕ್ ಒಡೆಯರಾದ ಹ್ಯೂ ಓನೀಲ್ ಮತ್ತು ರೋರಿ ಓಡಾನೆಲ್ ಇಂಗ್ಲಿಷರೆದುರು ಸೋತು, 1607ರಲ್ಲಿ ಹಡಗು ಹತ್ತಿ ದೇಶ ಬಿಟ್ಟರು. ರಾಜ ಒಂದನೆಯ ಜೇಮ್ಸ್ ಆರು ಕೌಂಟಿಗಳ ಜಮೀನು ಜಪ್ತಿ ಮಾಡಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟರಿಗೆ ಹಂಚಿದ. ಇದೇ ಅಲ್ಸ್ಟರ್ ಪ್ಲಾಂಟೇಶನ್. ಆಂಟ್ರಿಮ್, ಡೌನ್ ಕೌಂಟಿಗಳು ಆ ಪಟ್ಟಿಯಲ್ಲಿರಲಿಲ್ಲ. ಅಲ್ಲಿಗೆ ಸ್ಕಾಟರು ಅದಕ್ಕೂ ಮೊದಲೇ ಖಾಸಗಿ ಜಮೀನ್ದಾರರ ಕರೆಯ ಮೇಲೆ ಬರತೊಡಗಿದ್ದರು. ದೂರವೇನಿಲ್ಲ. ನಡುವಿನ ಸಮುದ್ರ ಕಿರಿದಾದ ಕಡೆ ಸುಮಾರು 20 ಕಿಲೋಮೀಟರ್, ಧಾರವಾಡದಿಂದ ಹುಬ್ಬಳ್ಳಿಗೆ ಇರುವಷ್ಟು. ಬಂದವರಲ್ಲಿ ಬಡ ಗೇಣಿದಾರರಿದ್ದರು. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯಲ್ಲಿ ದನ ಕದ್ದು ಬದುಕುತ್ತಿದ್ದ ಪುಂಡ ಮನೆತನಗಳೂ ಇದ್ದವು: ಆರ್ಮ್‌ಸ್ಟ್ರಾಂಗ್, ಎಲಿಯಟ್, ಗ್ರಹಾಂ, ನಿಕ್ಸನ್. ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ 1972ರಲ್ಲಿ ಆ ಗಡಿಸೀಮೆಯ ಲ್ಯಾಂಗ್‌ಹೋಮ್ ಊರಿಗೆ ಹೋದಾಗ ಊರವರು ಮನೆಮಗನೆಂದೇ ಬರಮಾಡಿಕೊಂಡಿದ್ದರು. 1690ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಸಾಲು ಸಾಲು ಬರ ಬಿದ್ದು ಇನ್ನೂ ಸಾವಿರಾರು ಜನ ದಾಟಿದರು.

ಹೀಗೆ ಮತ್ತೊಬ್ಬರ ನೆಲದಲ್ಲಿ ನೆಲೆ ನಿಂತವರು ನೂರು ವರ್ಷದಲ್ಲಿ ಅಲ್ಲಿಂದಲೂ ಏಕೆ ಎದ್ದರು? ಪುಸ್ತಕಗಳು ಮೊದಲು ಧರ್ಮದ ಮಾತು ಹೇಳುತ್ತವೆ. ಸುಳ್ಳಲ್ಲ. 1704ರ ಕಾಯ್ದೆ ಬಂದಮೇಲೆ ಸರ್ಕಾರಿ ಚರ್ಚಿನ ಪ್ರಸಾದ ಸ್ವೀಕರಿಸದ ಪ್ರೆಸ್ಬಿಟೇರಿಯನ್ನರಿಗೆ ಸಾರ್ವಜನಿಕ ಹುದ್ದೆ ಇಲ್ಲ. ಅವರ ಪಾದ್ರಿ ಮಾಡಿಸಿದ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ. ತಾವು ಕಾಲಿಡದ ಚರ್ಚಿಗೂ ದಶಮಾಂಶ ಕಟ್ಟಬೇಕು. ಆದರೆ ಕಂದಾಯದವನ ಕಣ್ಣಿಗೆ ಕಾಣುವುದು ಗೇಣಿ. ಅಲ್ಲಿನ ಗೇಣಿ ಕರಾರು ಸಾಮಾನ್ಯವಾಗಿ 31 ವರ್ಷದ್ದು. ಹಿಂದೆ ಅಗ್ಗವಾಗಿ ಕೊಟ್ಟ ಕರಾರುಗಳು 1717-18ರ ಸುಮಾರಿಗೆ ಮುಗಿಯತೊಡಗಿದವು, ಒಡೆಯರು ಗೇಣಿ ಏರಿಸಿದರು, ಜೊತೆಗೆ ಮಳೆ ಕೈಕೊಟ್ಟಿತ್ತು. 1718ರಲ್ಲಿ ಊರಿಗೆ ಊರೇ, ಪಾದ್ರಿಯನ್ನೂ ಕರೆದುಕೊಂಡು ಬಾಸ್ಟನ್‌ಗೆ ಹಡಗು ಹತ್ತಿತು. ಅಲ್ಲಿಂದ 1775ರ ತನಕ ಸುಮಾರು ಎರಡು ಲಕ್ಷ ಜನ ಅಲ್ಸ್ಟರ್ ಬಿಟ್ಟರು. ಕೊನೆಯ ದೊಡ್ಡ ಅಲೆ 1770ರ ನಂತರದ್ದು. ಆಂಟ್ರಿಮ್‌ನಲ್ಲಿ ಡೊನೆಗಾಲ್ ಅರ್ಲ್‌ನ ಜಮೀನಿನ ಕರಾರುಗಳು ಆಗ ಮುಗಿಯುತ್ತ ಬಂದಿದ್ದವು. ನವೀಕರಣಕ್ಕೆ ಅವನು ಕೇಳಿದ ನಜರಾಣೆ ರೈತರ ಕೈಗೆಟುಕಲಿಲ್ಲ. ಬೆಲ್‌ಫಾಸ್ಟ್‌ನ ಸಾಹುಕಾರರು ಕೊಟ್ಟು ಜಮೀನು ಹಿಡಿದರು. ಅದೇ ಹೊತ್ತಿಗೆ ಲಿನನ್ ಬಟ್ಟೆಯ ಮಾರುಕಟ್ಟೆಯೂ ಬಿದ್ದಿತು, ನೇಯ್ದು ಗೇಣಿ ತೀರಿಸುತ್ತಿದ್ದವರ ಕೈ ಕಟ್ಟಿತು.

ಇಷ್ಟು ಓದಿಕೊಂಡು ಕಲ್ಲಿನ ಅಜ್ಜನ ಹೆಸರನ್ನು ಹಡಗಿನ ಪಟ್ಟಿಯಲ್ಲಿ ಹುಡುಕಲು ಕೂತೆ. ಎರಡು ವಾರ ವ್ಯರ್ಥ. ಅಮೆರಿಕ ಬಂದವರ ಪಟ್ಟಿ ಕ್ರಮವಾಗಿ ಶುರುವಾಗುವುದೇ 1820ರಿಂದ. ಪೆನ್ಸಿಲ್ವೇನಿಯಾದಲ್ಲಿ 1727ರಿಂದ ಜರ್ಮನರ ಹೆಸರು ಬರೆದುಕೊಂಡಿದ್ದಾರೆ, ಅವರು ಪರದೇಶಿಗಳೆಂದು. ಅಲ್ಸ್ಟರಿನವರು ಬ್ರಿಟಿಷ್ ರಾಜನ ಪ್ರಜೆಗಳು, ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋದಂತೆ; ಯಾರೂ ಬರೆದುಕೊಳ್ಳಲಿಲ್ಲ. ಐರ್ಲೆಂಡ್ ಕಡೆಯಿಂದ ಹುಡುಕೋಣವೆಂದರೆ, 1922ರ ಜೂನ್ 30ರಂದು ಅಂತರ್ಯುದ್ಧದ ಹೊತ್ತಿನಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡ ಸ್ಫೋಟವಾಗಿ, ಅಲ್ಲಿದ್ದ ದಫ್ತರಖಾನೆ ಸುಟ್ಟುಹೋಯಿತು. 1821ರಿಂದ 1851ರ ತನಕದ ಜನಗಣತಿ ಬಹುಪಾಲು, ಮೃತ್ಯುಪತ್ರಗಳು, ಅರ್ಧಕ್ಕಿಂತ ಹೆಚ್ಚು ಸರ್ಕಾರಿ ಚರ್ಚಿನ ಪುಸ್ತಕಗಳು ಎಲ್ಲ ಬೂದಿ. ಆ ಪುಟ ಓದಿದ ದಿನ ನನಗೆ ಊಟ ಸೇರಲಿಲ್ಲ. ದಫ್ತರಿನಲ್ಲಿ ಬದುಕು ಕಳೆದವರಿಗೆ ಆ ಸಂಕಟ ಗೊತ್ತು. ಬೀಗಿತ್ತಿಗೆ ನಮ್ಮ ಹೆಳವರ ಕತೆ ಹೇಳಿದೆ: ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ನಮ್ಮ ಅಜ್ಜನ ಮುತ್ತಜ್ಜ ಯಾವ ಊರಿಂದ ಬಂದ ಅಂತ ಓದಿ ಕಾಳುಕಡಿ ಇಸಿದುಕೊಂಡು ಹೋಗುತ್ತಿದ್ದರು ಅಂತ. "ಆಂಟ್ರಿಮ್‌ಗೆ ಒಬ್ಬ ಹೆಳವ ಇದ್ದಿದ್ದರೆ!" ಅಂದರು.

ದಾರಿ ಸಿಕ್ಕಿದ್ದು ಪಿಂಚಣಿಯಿಂದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ದುಡಿದವರಿಗೆ 1832ರ ಕಾಯ್ದೆ ಪಿಂಚಣಿ ಕೊಟ್ಟಿತು. ಮುದುಕರು ನ್ಯಾಯಾಲಯಕ್ಕೆ ಬಂದು ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಮೊದಲ ಪ್ರಶ್ನೆ: ಎಲ್ಲಿ, ಯಾವ ವರ್ಷ ಹುಟ್ಟಿದಿರಿ? ಎರಡನೆಯದು: ವಯಸ್ಸಿಗೆ ದಾಖಲೆ ಇದೆಯೇ, ಇದ್ದರೆ ಎಲ್ಲಿದೆ? ನಮ್ಮ ಕಲ್ಲಿನ ಅಜ್ಜನೂ ಹೋಗಿದ್ದಾನೆ. ಹುಟ್ಟಿದ್ದು ಆಂಟ್ರಿಮ್ ಕೌಂಟಿ, 1755. ತಂದೆತಾಯಿಯ ಜೊತೆ ಬಂದಿದ್ದು 1772. ದಾಖಲೆ ಅಪ್ಪನ ಬೈಬಲ್ಲಿನಲ್ಲಿತ್ತು, ಈಗ ಇಲ್ಲ. ಗುಮಾಸ್ತ ಬರೆದುಕೊಂಡ ಹೇಳಿಕೆಯ ಕೆಳಗೆ ಸಹಿ ಇಲ್ಲ, ಒಂದು ಗುಣಾಕಾರದ ಗುರುತು. ನಮ್ಮಲ್ಲಿ ಹೆಬ್ಬೆಟ್ಟು ಇದ್ದಹಾಗೆ. ಬೀಗಿತ್ತಿ ಕಂಪ್ಯೂಟರ್ ಪರದೆಯ ಮೇಲೆ ಆ ಗುರುತನ್ನು ಬೆರಳಿಂದ ಮುಟ್ಟಿ ಬಹಳ ಹೊತ್ತು ಕೂತಿದ್ದರು.

ಆಂಟ್ರಿಮ್ ಸರಿ, ಆದರೆ ಯಾವ ಊರು? ಐರ್ಲೆಂಡಿನಲ್ಲಿ ಟೌನ್‌ಲ್ಯಾಂಡ್ ಎಂಬ ಅತಿ ಸಣ್ಣ ಹಳ್ಳಿವಿಂಗಡಣೆ ಇದೆ. ಇಡೀ ದ್ವೀಪದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು. ಅದು ತಿಳಿಯದೆ ಮುಂದಿನ ಹೆಜ್ಜೆ ಇಲ್ಲ. ಇಲ್ಲಿ ನನ್ನ ನೌಕರಿ ಉಪಯೋಗಕ್ಕೆ ಬಂತು. ಪಶ್ಚಿಮ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ ಅಜ್ಜ ಹಿಡಿದ ಜಮೀನಿನ ಕಾಗದ ತರಿಸಿದೆವು. ಅರ್ಜಿ, ಅಳತೆಯ ಹುಕುಂ, ಮೋಜಣಿ, ವರದಿ, ಕೊನೆಗೆ ಹಕ್ಕುಪತ್ರ. ನಮ್ಮ ಕಚೇರಿಯ ಫೈಲಿನದೇ ಮೆಟ್ಟಿಲು. ಅಳತೆ ಬಿಳಿ ಓಕ್ ಮರವೊಂದರಿಂದ ಶುರುವಾಗಿ, ಇಷ್ಟು ಪರ್ಚ್ ದಕ್ಷಿಣ, ಇಷ್ಟು ಪರ್ಚ್ ಪೂರ್ವ ಅಂತ ಸುತ್ತಿಕೊಂಡು ಅದೇ ಓಕ್ ಮರಕ್ಕೆ ಬರುತ್ತದೆ. ಒಂದು ಪರ್ಚ್ ಅಂದರೆ ಹದಿನಾರೂವರೆ ಅಡಿ. ಎರಡು ಸೇರಿದರೆ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲ ಎಂದರೆ ನಮ್ಮ ಗುಂಟೆ! ಅದನ್ನು ಕಂಡಾಗ ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿದೆ. "ಅಪ್ಪಾ, ಅದಕ್ಕೆ ಇಷ್ಟು ಕುಣಿಬೇಕಾ?" ಅಂದಳು. ಅವಳಿಗೇನು ಗೊತ್ತು.

ಮುಖ್ಯವಾದದ್ದು ಚಕ್ಕುಬಂದಿ. ನಾಲ್ಕು ದಿಕ್ಕಿಗೆ ನಾಲ್ವರು ಬಾಂದಾರರ ಹೆಸರಿತ್ತು. ಒಬ್ಬ ಮನುಷ್ಯನ ಮೂಲ ಸಿಗದಿದ್ದರೆ ಅವನ ಮಗ್ಗುಲಿನ ಹೊಲದವನನ್ನು ಹಿಡಿಯಬೇಕು. ಗುಳೆ ಹೋಗುವವರು ಒಂಟಿಯಾಗಿ ಹೋಗುವುದಿಲ್ಲ. ನಾಲ್ವರಲ್ಲಿ ಮೂವರ ಅಡ್ಡಹೆಸರು ಹಿಂದಿನ ಲ್ಯಾಂಕಾಸ್ಟರ್ ಕೌಂಟಿಯ ತೆರಿಗೆ ಪಟ್ಟಿಯಲ್ಲೂ ಮ್ಯಾಕ್ ಮನೆತನದ ಅಕ್ಕಪಕ್ಕ ಇದ್ದವು, ಡೊನೆಗಾಲ್ ಎಂಬ ಟೌನ್‌ಶಿಪ್‌ನಲ್ಲಿ. ಅಲ್ಸ್ಟರ್ ಬಿಟ್ಟವರು ಅಲ್ಲಿನ ಹೆಸರನ್ನು ಕಟ್ಟಿಕೊಂಡೇ ಬಂದಿದ್ದರು. ಆ ಪಟ್ಟಿಯಲ್ಲಿ ಅಜ್ಜನ ಅಪ್ಪ ಯಾರು ಎಂಬುದನ್ನು ಅಂದಾಜು ಮಾಡಿದ್ದು ಅಜ್ಜನ ಮೃತ್ಯುಪತ್ರದಿಂದ. ಇವರಲ್ಲಿ ಮೊದಲ ಮಗನಿಗೆ ಗಂಡನ ಅಪ್ಪನ ಹೆಸರು, ಎರಡನೆಯವನಿಗೆ ಹೆಂಡತಿಯ ಅಪ್ಪನ ಹೆಸರು ಇಡುವ ವಾಡಿಕೆ ಇತ್ತು. ಹಿರಿಮಗನ ಹೆಸರಿನವನೇ ಒಬ್ಬ ಪಟ್ಟಿಯಲ್ಲಿ ಸಿಕ್ಕ: ಎರಡು ಕುದುರೆ, ಮೂರು ಹಸು.

ಲ್ಯಾಂಕಾಸ್ಟರ್ ಹೆಸರು ಬಂತೆಂದ ಮೇಲೆ ಇನ್ನೊಂದನ್ನು ಮುಚ್ಚಿಡಬಾರದು. ಈ ಜನರನ್ನು ಕಾಡಿನಂಚಿಗೆ ತಂದು ಕೂರಿಸಿದವರಲ್ಲಿ ಮುಖ್ಯ ಜೇಮ್ಸ್ ಲೋಗನ್, ತಾನೇ ಅಲ್ಸ್ಟರಿನ ಲರ್ಗನ್‌ನಲ್ಲಿ ಹುಟ್ಟಿದವನು. ಮೂಲನಿವಾಸಿಗಳಿಗೂ ಫಿಲಡೆಲ್ಫಿಯಾಕ್ಕೂ ನಡುವೆ ಬೇಲಿಯಾಗಲಿ ಎಂಬುದು ಲೆಕ್ಕ. 1763ರ ಡಿಸೆಂಬರಿನಲ್ಲಿ ಪ್ಯಾಕ್ಸ್‌ಟನ್ ಕಡೆಯ ಇದೇ ಜನರ ಗುಂಪೊಂದು ಕಾನೆಸ್ಟೋಗಾದ ಆರು ಮೂಲನಿವಾಸಿಗಳನ್ನು ಕೊಂದು, ರಕ್ಷಣೆಗೆಂದು ಲ್ಯಾಂಕಾಸ್ಟರ್‌ನಲ್ಲಿ ಕೂಡಿಟ್ಟಿದ್ದ ಉಳಿದ ಹದಿನಾಲ್ವರನ್ನೂ, ಮಕ್ಕಳು ಸೇರಿದಂತೆ, ಎರಡು ವಾರದಲ್ಲಿ ಮುಗಿಸಿತು. ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಖಂಡಿಸಿ ಪುಸ್ತಿಕೆಯನ್ನೇ ಬರೆದ. ನಮ್ಮ ಅಜ್ಜ ಆಗ ಎಂಟು ವರ್ಷದವ, ಆಂಟ್ರಿಮ್‌ನಲ್ಲಿದ್ದ. ಹಾಗೆಂದು ಹೇಳಿದಾಗ ಬೀಗಿತ್ತಿ, "ಜಮೀನು ಮಾತ್ರ ಮೂಲನಿವಾಸಿಗಳದೇ ಅಲ್ಲವೇ" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾರಿಕ್‌ಫರ್ಗಸ್ ಬಳಿಯಿಂದ ಬಂದ ದಂಪತಿಯ ಮಗ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷನಾಗಿ 1830ರಲ್ಲಿ ಮೂಲನಿವಾಸಿಗಳನ್ನು ಎತ್ತಂಗಡಿ ಮಾಡುವ ಕಾಯ್ದೆಗೆ ಸಹಿ ಹಾಕಿದ್ದೂ ಇದೇ ಪರಂಪರೆಯ ಕಡತದಲ್ಲಿದೆ.

ಅಳಿಯ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದ. ಸ್ಕಾಟ್ಲೆಂಡ್, ಐರ್ಲೆಂಡ್ ಎಂದು ಬಂತು, ಅದು ಗೊತ್ತಿದ್ದದ್ದೇ. ಏಳು ತಲೆ ಹಿಂದಕ್ಕೆ ಹೋದರೆ ಒಬ್ಬನಿಗೆ 128 ಜನ ಪೂರ್ವಜರು, ಅದರಲ್ಲಿ ಕಲ್ಲಿನ ಅಜ್ಜ ಒಬ್ಬ. ಎಂಜಲು ಊರಿನ ಹೆಸರು ಹೇಳುವುದಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಬೀಗಿತ್ತಿಯ ನಾಲಿಗೆ. ಮನೆ ಓರಣ ಮಾಡುವುದಕ್ಕೆ ‘ರೆಡ್ ಅಪ್’ ಅನ್ನುತ್ತಾರೆ, ಪರರ ವಿಷಯಕ್ಕೆ ಮೂಗು ತೂರಿಸುವವರನ್ನು ‘ನೆಬ್ಬಿ’ ಅನ್ನುತ್ತಾರೆ. ಪಿಟ್ಸ್‌ಬರ್ಗ್‌ನವರಿಗೆ ಅದು ಬರೀ ಊರಿನ ಮಾತು, ಬಂದಿದ್ದು ಅಲ್ಸ್ಟರಿನಿಂದ. (ಎರಡನೆಯದನ್ನು ಅವರು ಬಳಸಿದ್ದು ನನ್ನ ಬಗ್ಗೆಯೇ.)

ಕೊನೆಗೆ ಆಂಟ್ರಿಮ್‌ನ 1669ರ ಒಲೆ ತೆರಿಗೆಯ ಪಟ್ಟಿ ನೋಡಿದೆವು. ಮನೆಯ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಶಿಲ್ಲಿಂಗ್. ಕಟ್ಟಿದವರ ಹೆಸರು ಊರುವಾರು ಉಳಿದಿದೆ. ಮ್ಯಾಕ್ ಮತ್ತು ಆ ಮೂರು ಬಾಂದಾರ ಮನೆತನ, ನಾಲ್ಕೂ ಒಟ್ಟಿಗೆ ಕಾಣುವ ಟೌನ್‌ಲ್ಯಾಂಡ್ ಒಂದೇ ಒಂದು. ಆದರೆ ಆ ಪಟ್ಟಿಗೂ ಅಜ್ಜನ ಹುಟ್ಟಿಗೂ ನಡುವೆ 86 ವರ್ಷದ ಖಾಲಿ ಜಾಗ ಇದೆ. ಅಲ್ಲಿನ ಪ್ರೆಸ್ಬಿಟೇರಿಯನ್ ಚರ್ಚುಗಳ ಪುಸ್ತಕಗಳು ಹೆಚ್ಚಾಗಿ 1800ರ ನಂತರದವು. ನಮ್ಮ ಕಚೇರಿಯಲ್ಲಿ ಫೇರ್‌ಫಾರ್, ಅಂದರೆ ಹಕ್ಕು ಬದಲಾವಣೆ, ಇತ್ಯರ್ಥ ಆಗುವ ತನಕ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆವು. ಬೀಗರ ವಂಶವೃಕ್ಷದಲ್ಲೂ ಆ ಊರಿನ ಹೆಸರನ್ನು ಪೆನ್ಸಿಲ್ಲಿನಲ್ಲೇ ಬರೆದು ಬಂದಿದ್ದೇನೆ.